ಗಂಡಸರ ಹಾರ್ಮೋನ್ ಪ್ಯಾಕೇಜ್: ಸಿಂಹದ ಡಬ್ಬಕ್ಕೆ ಒಂದೂವರೆ ಸ್ಟಾರ್

ರಕ್ತ ತೆಗೆಯಲು ಮನೆಗೆ ಬಂದ ಹುಡುಗನಿಗೆ ಐದಕ್ಕೆ ಐದು ಸ್ಟಾರ್. ಉಳಿದದ್ದಕ್ಕೆಲ್ಲ ಸೇರಿ ಒಂದೂವರೆ. ಅದೂ ಧಾರಾಳವಾಗಿ ಕೊಟ್ಟಿದ್ದೇನೆ.

ನಾನು ಹೇಳುತ್ತಿರುವುದು ನಲವತ್ತು ದಾಟಿದ ಗಂಡಸರ ಫೋನಿಗೆ ಈಗ ದಿನಾ ಬಂದು ಬೀಳುವ 'ಪುರುಷರ ಹಾರ್ಮೋನ್ ಪ್ಯಾಕೇಜ್' ಬಗ್ಗೆ. ಆ್ಯಪ್ ಹಾಕಿಕೊಳ್ಳಬೇಕು, ಒಂದಷ್ಟು ಪ್ರಶ್ನೆಗೆ ಉತ್ತರ ಕೊಡಬೇಕು, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ಫೋನಿನಲ್ಲಿ ಡಾಕ್ಟರ್ ಮಾತಾಡುತ್ತಾರೆ, ಮೂರು ತಿಂಗಳಿಗಾಗುವಷ್ಟು ಮಾತ್ರೆ ಬರುತ್ತದೆ, ಕೊನೆಗೆ ಇನ್ನೊಂದು ಸಲ ರಕ್ತ ಪರೀಕ್ಷೆ. ಎಲ್ಲ ಸೇರಿ 4,999 ರೂಪಾಯಿ. ಕಂಪನಿ ಹೆಸರು ಹಾಕುವುದಿಲ್ಲ. ಇಂಥವು ಬೇಕಾದಷ್ಟಿವೆ, ನೀವು ಯಾವುದನ್ನು ನೋಡುತ್ತಿದ್ದರೂ ಕೆಳಗಿನ ಪ್ರಶ್ನೆಗಳನ್ನು ಅವರಿಗೆ ಕೇಳಬಹುದು.

ನನಗೆ 47. ಬೆಂಗಳೂರಿನಲ್ಲಿ ಕೂತು ಮಾಡುವ ಕೆಲಸ. ಹೊಟ್ಟೆ ಬಂದಿದೆ. ಮಧ್ಯಾಹ್ನ ಮೂರಕ್ಕೆ ಕಣ್ಣು ಎಳೆಯುತ್ತದೆ, ಸಣ್ಣ ಸಣ್ಣದಕ್ಕೂ ಮನೆಯವರ ಮೇಲೆ ರೇಗುತ್ತೇನೆ, ಹಾಸಿಗೆಯ ವಿಷಯದಲ್ಲಿ ಮೊದಲಿನ ಆಸಕ್ತಿ ಇಲ್ಲ. ಚಾಳೀಸು ಬಂದರೆ ಊರಿಗೆಲ್ಲ ಹೇಳಿಕೊಂಡು ಓಡಾಡುತ್ತೇವೆ, ಶುಗರ್ ಬಂದರೆ ಮದುವೆ ಊಟದಲ್ಲಿ ಎಲೆಗೆ ಕೈ ಅಡ್ಡ ಹಿಡಿದು ಪಾಯಸ ಬೇಡ ಅನ್ನುತ್ತೇವೆ. ಇದೊಂದನ್ನು ಮಾತ್ರ ಫ್ಯಾಮಿಲಿ ಡಾಕ್ಟರ್ ಹತ್ತಿರವೂ ಬಾಯಿ ಬಿಡುವುದಿಲ್ಲ. ಈ ನಾಚಿಕೆಯ ಮೇಲೇ ಇಡೀ ವ್ಯಾಪಾರ ನಿಂತಿದೆ, ಇವತ್ತಿನಿಂದಲ್ಲ, ಹಿಂದಿನಿಂದಲೂ. ನಮ್ಮ ಕಾಲೇಜು ದಿನಗಳಲ್ಲಿ ಬಸ್ ಸ್ಟ್ಯಾಂಡ್ ಗೋಡೆಗಳ ತುಂಬ ನರದೌರ್ಬಲ್ಯದ ಜಾಹೀರಾತು ಇರುತ್ತಿತ್ತು, ತಿಂಗಳಿಗೊಮ್ಮೆ ಇಂಥ ಲಾಡ್ಜಿನ ಇಂಥ ರೂಮಿಗೆ ಬನ್ನಿ, ವೈದ್ಯರು ಸಿಗುತ್ತಾರೆ ಅಂತ. ಈಗ ಆ ರೂಮು ಫೋನಿನೊಳಗೆ ಬಂದು ಕೂತಿದೆ, ಇಎಂಐ ಸೌಲಭ್ಯದ ಸಮೇತ.

ಭಾಷೆ ಮಾತ್ರ ಬದಲಾಗಿದೆ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧದ ಜಾಹೀರಾತು ಕೊಡುವುದನ್ನು 1954ರ ಡ್ರಗ್ಸ್ ಆ್ಯಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ತಡೆಯುತ್ತದೆ. ಹಾಗಾಗಿ ನೇರವಾಗಿ ಯಾರೂ ಏನೂ ಹೇಳುವುದಿಲ್ಲ. 'ಎನರ್ಜಿ', 'ಸ್ಟ್ಯಾಮಿನಾ', 'ನಿಮ್ಮೊಳಗಿನ ಗಂಡಸು' ಅಂತೆಲ್ಲ ಸುತ್ತಿ ಬಳಸಿ ಹೇಳಿ, ಪಕ್ಕದಲ್ಲಿ ಒಂದು ಸಿಂಹದ ಚಿತ್ರ ಹಾಕಿಬಿಡುತ್ತಾರೆ. ಅರ್ಥ ಮಾಡಿಕೊಳ್ಳುವವರು ಮಾಡಿಕೊಳ್ಳುತ್ತಾರೆ.

ಸರಿ, ಒಂದೊಂದಾಗಿ ನೋಡೋಣ.

ಮೊದಲು ಹತ್ತು ಪ್ರಶ್ನೆ. ಇದು ಅವರ ಸ್ವಂತದ್ದಲ್ಲ. ಅಮೆರಿಕದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಜಾನ್ ಮಾರ್ಲೆ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ 'ಆಡಂ' ಪ್ರಶ್ನೆಗಳನ್ನೇ ಎತ್ತಿ ಹಾಕಿದ್ದಾರೆ. ಊಟ ಆದ ಮೇಲೆ ನಿದ್ದೆ ಎಳೆಯುತ್ತದಾ, ಬೇಜಾರು ಅಥವಾ ಸಿಡುಕು ಇದೆಯಾ, ಶಕ್ತಿ ಸಾಲದು ಅನ್ನಿಸುತ್ತದಾ, ಕೆಲಸದಲ್ಲಿ ಚುರುಕು ಕಡಿಮೆ ಆಗಿದೆಯಾ, ಆಟ ಆಡುವುದು ಮೊದಲಿನಂತೆ ಆಗುತ್ತಿಲ್ಲವಾ, ಹೀಗೆ. ಹಾಸಿಗೆಗೆ ಸಂಬಂಧಿಸಿದ ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ಹೌದು ಅಂದರೂ ನೀವು ಪಾಸು, ಇಲ್ಲವಾದರೆ ಉಳಿದವುಗಳಲ್ಲಿ ಯಾವುದಾದರೂ ಮೂರಕ್ಕೆ ಹೌದು ಅಂದರೆ ಸಾಕು. ಮುದ್ದೆ ಬಸ್ಸಾರು ಉಂಡು ತೂಕಡಿಸದವನು, ಸಿಲ್ಕ್ ಬೋರ್ಡ್ ದಾಟಿ ಮನೆಗೆ ಬಂದು ಸಿಡುಕದವನು ಯಾರಿದ್ದಾರೆ? ಈ ಪ್ರಶ್ನೆಗಳಿಗೆ ನಿಜವಾಗಿ ಟೆಸ್ಟೊಸ್ಟೆರಾನ್, ಅಂದರೆ ಗಂಡಸುತನದ ಹಾರ್ಮೋನ್, ಕಡಿಮೆ ಇರುವವರು ಸಿಗುತ್ತಾರೆ, ಅದರ ಜೊತೆಗೆ ಆರಾಮಾಗಿ ಇರುವವರೂ ರಾಶಿ ರಾಶಿ ಸಿಗುತ್ತಾರೆ. ಇದು ವೈದ್ಯರಿಗೆಲ್ಲ ಗೊತ್ತಿರುವ ವಿಷಯವೇ. ನನ್ನ ಹೆಂಡತಿ ಸುಮ್ನೆ ತಮಾಷೆಗೆ ನನ್ನ ಫೋನಿನಲ್ಲಿ ತನ್ನ ಉತ್ತರ ತುಂಬಿದಳು. ನಿಮ್ಮ ಟೆಸ್ಟೊಸ್ಟೆರಾನ್ ಕಡಿಮೆ ಇರುವ ಸಾಧ್ಯತೆ ಜಾಸ್ತಿ ಅಂತ ಅವಳಿಗೂ ಬಂತು.

ಆಮೇಲೆ ರಕ್ತ. ಇಲ್ಲಿ ನಿಜವಾಗಲೂ ಕೆಲಸ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಆ್ಯಪ್‌ನಲ್ಲಿ ಬೆಳಗ್ಗೆ ಆರರಿಂದ ಸಂಜೆ ಐದರವರೆಗೆ ಯಾವ ಹೊತ್ತು ಬೇಕಾದರೂ ಆರಿಸಿಕೊಳ್ಳಿ ಅಂತ ಇತ್ತು. ನಾನು ಆಫೀಸಿನ ಅನುಕೂಲ ನೋಡಿ ಮಧ್ಯಾಹ್ನದ ಹೊತ್ತು ಹಾಕಿದ್ದೆ. ಹಿಂದಿನ ದಿನ ಸಂಜೆ ಆ ಹುಡುಗ ತಾನೇ ಫೋನ್ ಮಾಡಿದ. "ಸರ್, ಇದು ಟೆಸ್ಟೊಸ್ಟೆರಾನ್ ಟೆಸ್ಟು, ಬೆಳಗ್ಗೆ ಹತ್ತರ ಒಳಗೆ, ಖಾಲಿ ಹೊಟ್ಟೆಯಲ್ಲಿ ಕೊಡಿ. ಮಧ್ಯಾಹ್ನ ಕೊಟ್ಟರೆ ಕಡಿಮೆ ತೋರಿಸುತ್ತೆ. ನಾನು ಏಳಕ್ಕೇ ಬರ್ತೀನಿ ಬಿಡಿ" ಅಂದ. ಏಳಕ್ಕೆ ಐದು ನಿಮಿಷ ಇರುವಾಗಲೇ ಬಂದ. ಹೆಗಲಿಗೆ ಐಸ್ ಪೆಟ್ಟಿಗೆ, ಕೈಯಲ್ಲಿ ಹಳದಿ ಮುಚ್ಚಳದ ಟ್ಯೂಬು. ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ. ರಕ್ತ ತುಂಬಿದ ಟ್ಯೂಬನ್ನು ನಾಲ್ಕೈದು ಸಲ ಮೆಲ್ಲಗೆ ಮಗುಚಿ, ಬಾರ್‌ಕೋಡ್ ಚೀಟಿ ಅಂಟಿಸಿ, ಅದರ ಮೇಲೆ ಪೆನ್ನಿನಲ್ಲಿ ಗಂಟೆ ಬರೆದು, ನನ್ನ ಹೆಸರು ಓದಿ ಹೇಳಿ ಸರಿನಾ ಸರ್ ಅಂತ ಕೇಳಿ ಪೆಟ್ಟಿಗೆಗೆ ಇಟ್ಟ. ಕಾಫಿ ಬೇಡ ಅಂದ, ಇನ್ನೂ ಮನೆಗಳಿವೆ ಅಂತ.

ಅವನು ಹೇಳಿದ್ದು ಸರಿಯಾಗಿತ್ತು. ಟೆಸ್ಟೊಸ್ಟೆರಾನ್ ಬೆಳಗ್ಗೆ ಜಾಸ್ತಿ ಇರುತ್ತದೆ, ಹೊತ್ತು ಏರಿದಂತೆ ಇಳಿಯುತ್ತದೆ. ತಿಂಡಿ ತಿಂದರೂ ಇಳಿಯುತ್ತದೆ. ಕಾಯಿಲೆ ಬಿದ್ದಾಗ, ನಿದ್ದೆ ಕೆಟ್ಟಾಗಲೂ ಇಳಿಯುತ್ತದೆ. ಹೀಗಾಗಿಯೇ ಬೇರೆ ಬೇರೆ ದಿನ, ಕಡಿಮೆ ಎಂದರೂ ಎರಡು ಸಲ ಬೆಳಗ್ಗೆ ನೋಡಿ, ಎರಡರಲ್ಲೂ ಕಡಿಮೆ ಬಂದರೆ ಮಾತ್ರ ಮುಂದಿನ ಮಾತು ಅನ್ನುತ್ತಾರೆ ತಜ್ಞರು. ಕಂಪನಿಗೆ ಇದು ಗೊತ್ತಿಲ್ಲದೆ ಏನಿಲ್ಲ. ಗೊತ್ತಿದ್ದೂ ಸಂಜೆ ಐದರವರೆಗೆ ಬಾಗಿಲು ತೆರೆದಿಟ್ಟಿದ್ದಾರೆ ಅಂದರೆ ಕಡಿಮೆ ಬಂದಷ್ಟೂ ಅವರಿಗೆ ವ್ಯಾಪಾರ ಅಂತ ತಾನೇ?

ವರದಿ ಬಂತು. 286. ಅಂದರೆ ಒಂದು ಡೆಸಿಲೀಟರ್ ರಕ್ತದಲ್ಲಿ 286 ನ್ಯಾನೋಗ್ರಾಂ. ಪಕ್ಕದಲ್ಲಿ 300ರಿಂದ 1000 ಇರಬೇಕು ಅಂತ ಬರೆದು, ನನ್ನ ಅಂಕಿಗೆ ಕೆಂಪು ಬಣ್ಣ. ಅದಾದ ಮೇಲೆ ಪುಟಗಟ್ಟಲೆ ಚಿತ್ರಗಳು, ಬ್ಯಾಟರಿ ಇಳಿದಿರುವ ಗಂಡಸು, ಬ್ಯಾಟರಿ ತುಂಬಿರುವ ಗಂಡಸು. ಪರೀಕ್ಷೆ ಮಾಡಿದ್ದು ಮಾತ್ರ ಒಂದೇ ಒಂದು, ಒಟ್ಟು ಟೆಸ್ಟೊಸ್ಟೆರಾನ್.

ಈ 300 ಅನ್ನುವ ಗೆರೆ ಬ್ರಹ್ಮ ಬರೆದದ್ದೇನಲ್ಲ. ಅಮೆರಿಕದ ಯೂರಾಲಜಿ, ಅಂದರೆ ಮೂತ್ರಾಂಗ ತಜ್ಞರ ಸಂಘ 2018ರಲ್ಲಿ 300 ಅಂತ ಇಟ್ಟುಕೊಂಡಿದೆ. ಅದೇ ವರ್ಷ ಅಲ್ಲಿಯ ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿ, ತೂಕ ಜಾಸ್ತಿ ಇಲ್ಲದ ಆರೋಗ್ಯವಂತ ಯುವಕರ ಲೆಕ್ಕ ಹಿಡಿದು 264 ಅಂತ ಹೇಳಿತು. ನಾನು ಒಂದು ಸಂಘದ ಪ್ರಕಾರ ರೋಗಿ, ಇನ್ನೊಂದರ ಪ್ರಕಾರ ಆರಾಮ್. ಕೆಂಪು ಬಣ್ಣ ಹಾಕುವ ಮೊದಲು ಇದನ್ನು ಒಂದು ಸಾಲು ಬರೆಯಬಹುದಿತ್ತಲ್ವಾ?

ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ರಕ್ತದಲ್ಲಿರುವ ಟೆಸ್ಟೊಸ್ಟೆರಾನ್‌ನಲ್ಲಿ ಬಹುಪಾಲು ಎಸ್‌ಎಚ್‌ಬಿಜಿ ಅನ್ನುವ ಪ್ರೋಟೀನಿಗೆ ಮತ್ತು ಆಲ್ಬುಮಿನ್‌ಗೆ ಅಂಟಿಕೊಂಡಿರುತ್ತದೆ. ಬಿಡಿಯಾಗಿ ಓಡಾಡುವುದು ನೂರಕ್ಕೆ ಎರಡು ಮೂರು ಪಾಲು ಅಷ್ಟೇ. ಹೊಟ್ಟೆ ಬಂದವರಲ್ಲಿ, ಶುಗರ್ ಕಡೆಗೆ ಹೊರಟವರಲ್ಲಿ ಎಸ್‌ಎಚ್‌ಬಿಜಿ ಕಡಿಮೆ ಆಗುತ್ತದೆ. ಆಗ ಒಟ್ಟು ಲೆಕ್ಕ ಕಡಿಮೆ ಕಾಣುತ್ತದೆ, ಕೆಲಸಕ್ಕೆ ಬರುವ ಬಿಡಿ ಪಾಲು ಸರಿಯಾಗಿಯೇ ಇರಬಹುದು. ಆ್ಯಪ್‌ಗೆ ದುಡ್ಡು ಕೊಡುವ ಗಂಡಸರಲ್ಲಿ ನನ್ನಂಥ ಹೊಟ್ಟೆಯವರೇ ಜಾಸ್ತಿ ಇರುತ್ತಾರೆ. ಅಂಥವರಿಗೆ ಈ ಒಂದೇ ಪರೀಕ್ಷೆ ಮಾಡಿ ಕೈ ತೊಳೆದುಕೊಂಡರೆ ಏನು ಗೊತ್ತಾದಂತಾಯಿತು?

ವಯಸ್ಸಾದಂತೆ ಟೆಸ್ಟೊಸ್ಟೆರಾನ್ ಇಳಿಯುತ್ತದೆ ಅನ್ನುವುದು ಸುಳ್ಳಲ್ಲ. ಮೂವತ್ತು ನಲವತ್ತರ ನಂತರ ವರ್ಷಕ್ಕೆ ಸರಾಸರಿ ಶೇಕಡಾ ಒಂದರಷ್ಟು ಇಳಿಯುತ್ತದೆ. ಹೆಂಗಸರಿಗೆ ಮುಟ್ಟು ನಿಲ್ಲುವಾಗ ಆಗುವಂತೆ ಕೆಲವೇ ವರ್ಷದಲ್ಲಿ ದಢಾರನೆ ಬೀಳುವುದಿಲ್ಲ. ಆ್ಯಪ್‌ನವರು 'ಗಂಡಸರ ಮೆನೋಪಾಸ್' ಅಂತ ಹೆದರಿಸುವುದು ಇದಕ್ಕೇ ಸರಿ ಬರುವುದಿಲ್ಲ. ಯುರೋಪಿನಲ್ಲಿ 40ರಿಂದ 79 ವಯಸ್ಸಿನ ಮೂರು ಸಾವಿರಕ್ಕೂ ಹೆಚ್ಚು ಗಂಡಸರನ್ನು ನೋಡಿ 2010ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಬೆಳಗಿನ ಹೊತ್ತು ತಾನಾಗಿ ಬರುವ ನಿಮಿರುವಿಕೆ ಕಡಿಮೆ ಆಗುವುದು, ಆ ಕಡೆ ಯೋಚನೆಯೇ ಹೋಗದಿರುವುದು, ಬೇಕಾದಾಗ ನಿಮಿರದಿರುವುದು, ಈ ಮೂರೂ ಇದ್ದು, ಹಾರ್ಮೋನೂ ಕಡಿಮೆ ಇದ್ದವರನ್ನು ಲೆಕ್ಕ ಹಾಕಿದರೆ ನೂರಕ್ಕೆ ಇಬ್ಬರು ಸಿಕ್ಕರು. ಸುಸ್ತು, ಸಿಡುಕು, ಹೊಟ್ಟೆ ಇವು ಹಾರ್ಮೋನ್ ಕಡಿಮೆ ಇರುವವರಿಗೂ ಇರುತ್ತವೆ, ಇಲ್ಲದವರಿಗೂ ಇರುತ್ತವೆ. ಜಾಹೀರಾತು ತುಂಬ ಇರುವುದು ಇವೇ ಮೂರು.

ಇನ್ನು ಡಾಕ್ಟರ್ ಕಾಲ್. ಮೊದಲು ಮಾತಾಡಿದ್ದು 'ಹೆಲ್ತ್ ಕೋಚ್'. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಎರಡನೇ ಮಾತಿಗೇ ಬ್ರೋ ಅಂದ. ನಂತರ ಡಾಕ್ಟರ್ ಬಂದರು, ಐದಾರು ನಿಮಿಷ ಮಾತಾಡಿದರು. ಕೇಳಿದ್ದು ಬಿಪಿ ಇದೆಯಾ, ಶುಗರ್ ಇದೆಯಾ, ಅಲರ್ಜಿ ಇದೆಯಾ. ಗೊರಕೆ ಹೊಡೆಯುತ್ತೀರಾ ಅಂತ ಕೇಳಲಿಲ್ಲ. ಎಷ್ಟು ಗಂಟೆ ಮಲಗುತ್ತೀರಿ ಅಂತ ಕೇಳಲಿಲ್ಲ. ಇತ್ತೀಚೆಗೆ ಹುಷಾರಿರಲಿಲ್ಲವಾ ಅಂತ ಕೇಳಲಿಲ್ಲ, ರಕ್ತ ಕೊಡುವ ಹಿಂದಿನ ವಾರವಷ್ಟೇ ನಾನು ವೈರಲ್ ಜ್ವರದಲ್ಲಿ ಮಲಗಿದ್ದೆ. ಡಬ್ಬ ಕಳಿಸುತ್ತೇವೆ, ಸಾಲದಿದ್ದರೆ ಪ್ರೀಮಿಯಂ ಪ್ಲಾನ್ ಇದೆ, ಅದರಲ್ಲಿ ನಮ್ಮ ಕ್ಲಿನಿಕ್ಕಿಗೆ ಬಂದು ಟೆಸ್ಟೊಸ್ಟೆರಾನ್ ಇಂಜೆಕ್ಷನ್ ತೆಗೆದುಕೊಳ್ಳಬಹುದು ಅಂದರು.

ಇಂಜೆಕ್ಷನ್ ಮಾತು ಎತ್ತಿದವರು ಮಕ್ಕಳಾಗಿವೆಯಾ, ಇನ್ನೂ ಬೇಕಾ ಅಂತ ಒಂದು ಮಾತು ಕೇಳಬೇಕಿತ್ತು. ನನ್ನದಾದರೆ ಆ ಕಾಲ ಮುಗಿಯಿತು. ಆದರೆ ಇದೇ ಆ್ಯಪಿಗೆ 33, 35ರ ಹುಡುಗರೂ ಹೋಗುತ್ತಾರೆ. ಹೊರಗಿನಿಂದ ಟೆಸ್ಟೊಸ್ಟೆರಾನ್ ಹಾಕಿದರೆ ವೀರ್ಯಾಣು ತಯಾರಾಗುವುದು ನಿಲ್ಲುತ್ತಾ ಬರುತ್ತದೆ, ಕೆಲವರಲ್ಲಿ ಪೂರ್ತಿ ಸೊನ್ನೆ. ಯಾಕೆ ಅಂದರೆ, ಮನೆ ಮೇಲಿನ ಟ್ಯಾಂಕನ್ನು ಟ್ಯಾಂಕರ್ ನೀರಿನಿಂದ ತುಂಬಿಬಿಟ್ಟರೆ ಸಂಪಿನ ಮೋಟರ್‌ನ ಆಟೋಮ್ಯಾಟಿಕ್ ಸ್ವಿಚ್ ಆನ್ ಆಗುವುದೇ ಇಲ್ಲವಲ್ಲ, ಹಾಗೆ. ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನುವ ಎರಡು ಹಾರ್ಮೋನ್ ಕಳಿಸಿ ವೃಷಣಕ್ಕೆ ಕೆಲಸ ಹೇಳುತ್ತದೆ. ರಕ್ತದಲ್ಲಿ ಆಗಲೇ ಬೇಕಾದಷ್ಟು ಇದೆ ಅಂತ ಕಂಡರೆ ಅದು ಸುಮ್ಮನಾಗುತ್ತದೆ. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಮತ್ತೆ ಮೊದಲಿನ ಸ್ಥಿತಿಗೆ ಬರಲು ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷದ ಮೇಲೂ ಹಿಡಿಯುತ್ತದೆ. ಮದುವೆಯಾಗಿ ಮಗುವಿಗೆ ಕಾಯುತ್ತಿರುವವನಿಗೆ 'ಗಂಡಸುತನ'ದ ಹೆಸರಿನಲ್ಲಿ ಇದನ್ನು ಕೊಟ್ಟರೆ ಏನು ಹೇಳೋದು?

ಡಬ್ಬದ ವಿಷಯಕ್ಕೆ ಬರೋಣ. ಯಾರಿಗೂ ಗೊತ್ತಾಗದ ಹಾಗೆ ಪ್ಯಾಕ್ ಮಾಡಿ ಕಳಿಸುತ್ತೇವೆ ಅಂದಿದ್ದರು. ಬಂದಿದ್ದು ಕಪ್ಪು ಡಬ್ಬ, ಮೇಲೆ ಅಂಗೈಯಗಲದ ಚಿನ್ನದ ಬಣ್ಣದ ಸಿಂಹ. ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಇಂಟರ್‌ಕಾಮ್‌ನಲ್ಲಿ "ಸಾರ್, ಸಿಂಹದ ಡಬ್ಬ ಬಂದೈತೆ, ಮೇಲಕ್ಕೆ ಕಳಿಸ್ಲಾ?" ಅಂದ. ಈಗಲೂ ನನ್ನನ್ನು ನೋಡಿದರೆ ಅವನ ಮುಖದಲ್ಲಿ ಒಂದು ಸಣ್ಣ ನಗು.

ಒಳಗೆ ಅಶ್ವಗಂಧ, ಶಿಲಾಜಿತು, ಸಫೇದ್ ಮುಸ್ಲಿ, ನೆಗ್ಗಿಲು, ಮೆಂತ್ಯದ ಸಾರ, ಸತು ಸೇರಿಸಿದ ಕ್ಯಾಪ್ಸೂಲು. ಜೊತೆಗೆ ಕೂದಲಿಗೆ ಅಂತ ಉಚಿತವಾಗಿ ಬಯೋಟಿನ್ ಅನ್ನುವ ವಿಟಮಿನ್ನಿನ ಗಮ್ಮಿ, ಅಂದರೆ ಜೆಲ್ಲಿ ಮಿಠಾಯಿ. ಕ್ಯಾಪ್ಸೂಲಿನ ಡಬ್ಬದ ಹಿಂದೆ, ಭೂತಗನ್ನಡಿ ಹಿಡಿದರೆ ಕಾಣುವ ಅಕ್ಷರದಲ್ಲಿ, ಇದು ಔಷಧವಾಗಿ ಬಳಸಲು ಅಲ್ಲ ಅಂತ ಇಂಗ್ಲಿಷಿನಲ್ಲಿ ಬರೆದಿದೆ. ಆಹಾರ ಪೂರಕ ಅಂತ ಮಾರುವ ಸರಕಿನ ಮೇಲೆ ಅದನ್ನು ಬರೆಯಲೇಬೇಕು, ನಿಯಮ ಇದೆ. ಮುಂದೆ ಸಿಂಹ, ಹಿಂದೆ ಈ ಸಾಲು!

ಇವುಗಳಲ್ಲಿ ಏನಾದರೂ ಕೆಲಸ ಮಾಡುತ್ತದಾ? ನೆಗ್ಗಿಲು ಮನುಷ್ಯರಲ್ಲಿ ಟೆಸ್ಟೊಸ್ಟೆರಾನ್ ಏರಿಸುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ, ಪರೀಕ್ಷೆ ಮಾಡಿ ನೋಡಿದವರಿಗೆ ಹೆಚ್ಚಾಗಿ ಏನೂ ಸಿಕ್ಕಿಲ್ಲ. ಸತು ಕಡಿಮೆ ಇರುವವರಿಗೆ ಸತು ಕೊಟ್ಟರೆ ಉಪಯೋಗ, ಸರಿಯಾಗಿ ಇರುವವರಿಗೆ ಕೊಟ್ಟರೆ ದುಡ್ಡು ದಂಡ. ಅಶ್ವಗಂಧದ ಮೇಲೆ ಕೆಲವು ಸಣ್ಣ ಅಧ್ಯಯನಗಳು ಸ್ವಲ್ಪ ಏರಿಕೆ ತೋರಿಸಿವೆ, ನಿಜ. ಆದರೆ ಅದರಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ, ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿಯೇ ಬಿಟ್ಟಿತು. ನಮ್ಮ ಹಿರೇಮದ್ದು, ಅಂದರೆ ಇದೇ ಅಶ್ವಗಂಧ, ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆಯುರ್ವೇದದ ವೈದ್ಯರು ನಾಡಿ ನೋಡಿ, ಪಥ್ಯ ಹೇಳಿ ಕೊಡುವುದು ಒಂದು. ಲಿವರ್ ಹೇಗಿದೆ ಅಂತ ಕೇಳದೆ ಕೊರಿಯರ್‌ನಲ್ಲಿ ಮೂರು ತಿಂಗಳಿಗೆ ಕಳಿಸುವುದು ಇನ್ನೊಂದು.

ತಿಂದು ನೋಡಿದ ಅನುಭವ ಹೇಳಬೇಕೆಂದರೆ, ಕ್ಯಾಪ್ಸೂಲಿಗೆ ಹಳೇ ಗ್ಯಾರೇಜಿನ ವಾಸನೆ. ನುಂಗಿದ ಅರ್ಧ ಗಂಟೆಗೆ ಮೆಂತ್ಯದ ತೇಗು. ವಾರ ಕಳೆಯುವಷ್ಟರಲ್ಲಿ ಬೆವರಿಗೂ ಅದೇ ವಾಸನೆ ಬಂತು. "ಏನ್ರೀ ಇದು, ಅಂಗಿ ಒಗೆಯೋಕೆ ಹಾಕಿದ್ರೆ ಮೆಂತ್ಯದ ಹಿಟ್ಟು ನೆನೆಸಿದ ಹಾಗಿದೆ" ಅಂದಳು ಹೆಂಡತಿ. ಇದನ್ನು ಯಾವ ಉದ್ದೇಶಕ್ಕೆ ತಿನ್ನುತ್ತಿದ್ದೆನೋ ಆ ಉದ್ದೇಶಕ್ಕೆ ಈ ವಾಸನೆ ಸಹಾಯ ಮಾಡಲಿಲ್ಲ ಅಂತಷ್ಟೇ ಹೇಳುತ್ತೇನೆ. ಮೊದಲ ಹದಿನೈದು ದಿನ ಸ್ವಲ್ಪ ಹುರುಪು ಅನ್ನಿಸಿದ್ದು ನಿಜ. ದುಡ್ಡು ಕೊಟ್ಟಿದ್ದೇವಲ್ಲ, ಅನ್ನಿಸಲೇಬೇಕು.

ಈ ಥರದ ಸರಕಿಗೆ ಮೊದಲ ರಿವ್ಯೂ ಬರೆದವರು ಬ್ರೌನ್ ಸೆಕಾರ್ ಅನ್ನುವ ದೊಡ್ಡ ವಿಜ್ಞಾನಿ, 1889ರಲ್ಲಿ, ಪ್ಯಾರಿಸ್ಸಿನಲ್ಲಿ. ಅವರಿಗೆ ಆಗ 72 ವರ್ಷ. ನಾಯಿ ಮತ್ತು ಗಿನಿಪಿಗ್ ವೃಷಣಗಳ ರಸ ತೆಗೆದು ತಮಗೇ ಚುಚ್ಚಿಕೊಂಡು, ಬಲ ಬಂತು, ಕೆಲಸ ಮಾಡುವ ಹುಮ್ಮಸ್ಸು ಬಂತು ಅಂತ ವಿಜ್ಞಾನಿಗಳ ಸಭೆಯಲ್ಲೇ ಹೇಳಿದರು. ವೃಷಣ ಟೆಸ್ಟೊಸ್ಟೆರಾನನ್ನು ತಯಾರಿಸುತ್ತದೆಯೇ ಹೊರತು ಕೂಡಿಡುವುದಿಲ್ಲ, ಅದು ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಅಂದಮೇಲೆ ಆ ರಸದಲ್ಲಿ ಇದ್ದದ್ದು ಇಲ್ಲವೆನ್ನುವಷ್ಟು. ಆದರೂ ಅವರಿಗೆ ಹುಮ್ಮಸ್ಸು ಬಂದಿತ್ತು. ಅಸಲಿ ಟೆಸ್ಟೊಸ್ಟೆರಾನ್ ಬೇರ್ಪಡಿಸಿ, ಪ್ರಯೋಗಶಾಲೆಯಲ್ಲಿ ತಯಾರಿಸಿದ್ದು 1935ರಲ್ಲಿ. ಹಾಗೆ ತಯಾರಿಸಿದ ಬುಟೆನಾಂಟ್ ಮತ್ತು ರುಝಿಚ್ಕಾ ಅವರಿಗೆ 1939ರಲ್ಲಿ ನೊಬೆಲ್ ಬಂತು. ಅಷ್ಟರೊಳಗೆ ವೊರೊನಾಫ್ ಅನ್ನುವ ಇನ್ನೊಬ್ಬ ಪುಣ್ಯಾತ್ಮ ಮಂಗನ ವೃಷಣದ ತುಂಡುಗಳನ್ನು ಶ್ರೀಮಂತರಿಗೆ ಕಸಿ ಮಾಡಿ ಚೆನ್ನಾಗಿ ದುಡ್ಡು ಮಾಡಿದ್ದ.

ಡಬ್ಬ ಮುಗಿಯಿತು, ಎರಡನೇ ರಕ್ತ ಪರೀಕ್ಷೆ ಆಯಿತು. 421! ಆ್ಯಪ್ ತೆರೆದರೆ ಪರದೆ ತುಂಬ ಪಟಾಕಿ. ಕೆಳಗೇ ಒಂದು ಗುಂಡಿ, ನಿಮ್ಮ ಯಶಸ್ಸಿನ ಕಥೆ ಹಂಚಿಕೊಳ್ಳಿ, ಮುಂದಿನ ಡಬ್ಬಕ್ಕೆ ರಿಯಾಯಿತಿ ಪಡೆಯಿರಿ ಅಂತ. ಅಂಕಿ ಏರಿತ್ತು, ನಾನು ಮಾತ್ರ ಹಾಗೇ ಇದ್ದೆ. ಮಧ್ಯಾಹ್ನ ಮೂರಕ್ಕೆ ಅದೇ ನಿದ್ದೆ. ಇದೇನಪ್ಪಾ ಅಂತ ವರದಿಗಳನ್ನೆಲ್ಲ ಹಿಡಿದು ಎಂಡೋಕ್ರೈನಾಲಜಿಸ್ಟ್ ಒಬ್ಬರ ಹತ್ತಿರ ಹೋದೆ, ಅಂದರೆ ಹಾರ್ಮೋನ್ ಡಾಕ್ಟರ್. ಫೀಸು 800. ಈ ರಿವ್ಯೂನಲ್ಲಿ ನಿಜವಾಗಿ ಹೊಗಳಬೇಕಾದ ಸೇವೆ ಇದು.

ಅವರು ವರದಿ ನೋಡಿದ್ದು ಆಮೇಲೆ. ಮೊದಲು ಕೇಳಿದರು. ಬೆಳಗ್ಗೆ ಏಳುವಾಗ ಹೇಗಿರುತ್ತದೆ, ಗಡ್ಡ ಮೊದಲಿನಷ್ಟೇ ಬರುತ್ತದಾ, ಚಿಕ್ಕವರಿದ್ದಾಗ ಮಂಗನಬಾವು ಬಂದಿತ್ತಾ, ಆಗ ಕೆಳಗೆ ಊದಿಕೊಂಡಿತ್ತಾ, ವಾಸನೆ ಸರಿಯಾಗಿ ಗೊತ್ತಾಗುತ್ತದಾ, ತಲೆನೋವು, ಕಣ್ಣಿನ ಅಂಚು ಮಬ್ಬಾಗುವುದು ಇದೆಯಾ, ನೋವಿಗೆ ಅಂತ ಯಾವುದಾದರೂ ಬಲವಾದ ಮಾತ್ರೆ ತಿನ್ನುತ್ತಿದ್ದೀರಾ. ಒಂದೊಂದು ಪ್ರಶ್ನೆಗೂ ಒಂದು ಕಾರಣ ಇತ್ತು. ಮಂಗನಬಾವು ವೃಷಣಕ್ಕೆ ಹಾನಿ ಮಾಡಬಹುದು, ಪಿಟ್ಯುಟರಿಯಲ್ಲಿ ಗಡ್ಡೆ ಇದ್ದರೆ ತಲೆನೋವು, ದೃಷ್ಟಿ ತೊಂದರೆ ಬರಬಹುದು. ಆಮೇಲೆ ಮಲಗಿಸಿ ನೋಡಿದರು. ಅವರ ಕೈಯಲ್ಲಿ ಒಂದು ದಾರ, ಅದರಲ್ಲಿ ಮೊಟ್ಟೆ ಆಕಾರದ ಹನ್ನೆರಡು ಮಣಿ, ಅವರೆಕಾಳಿಗಿಂತ ಸ್ವಲ್ಪ ದೊಡ್ಡದರಿಂದ ಹಿಡಿದು ದೊಡ್ಡ ನಿಂಬೆಹಣ್ಣಿನವರೆಗೆ. ಮೇಲೆ 1ರಿಂದ 25 ಮಿಲಿಲೀಟರ್‌ವರೆಗೆ ಅಂಕಿ. ಒಂದು ಕೈಯಲ್ಲಿ ಮಣಿ, ಇನ್ನೊಂದು ಕೈಯಲ್ಲಿ ನಮ್ಮದು, ಹೋಲಿಸಿ ನೋಡಿ 20 ಅಂದರು. ನನಗೆ ನಗು ತಡೆಯಲು ಆಗಲಿಲ್ಲ. ಅವರು ನಗಲಿಲ್ಲ, ಬರೆದುಕೊಂಡರು. ಆ್ಯಪ್‌ನಲ್ಲಿ ಇದನ್ನು ಹೇಗೆ ಮಾಡುತ್ತಾರೋ ಗೊತ್ತಿಲ್ಲ.

ಆಮೇಲೆ ಎರಡು ವರದಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು, "ಎರಡನೇ ಸಲ ರಕ್ತ ಕೊಡುವಾಗ ಏನೇನು ತಿನ್ನುತ್ತಿದ್ದಿರಿ?" ಅಂದರು. ಗಮ್ಮಿ ಅಂದೆ. ಫೋನಿನಲ್ಲಿ ಡಬ್ಬದ ಫೋಟೋ ತೋರಿಸಿದೆ. ದಿನಕ್ಕೆ 10 ಮಿಲಿಗ್ರಾಂ ಬಯೋಟಿನ್. ದೇಹಕ್ಕೆ ದಿನಕ್ಕೆ ಬೇಕಾಗುವುದು 30-40 ಮೈಕ್ರೋಗ್ರಾಂ, ಅಂದರೆ ಇದು ಇನ್ನೂರು ಮುನ್ನೂರು ಪಟ್ಟು. ಕೆಲವು ಲ್ಯಾಬ್ ಯಂತ್ರಗಳು ಹಾರ್ಮೋನ್ ಅಳೆಯಲು ಬಯೋಟಿನ್ನನ್ನೇ ಬಳಸುವ ವಿಧಾನದಲ್ಲಿ ಕೆಲಸ ಮಾಡುತ್ತವೆ. ರಕ್ತದಲ್ಲಿ ಬಯೋಟಿನ್ ತುಂಬಿಕೊಂಡಿದ್ದರೆ ಯಂತ್ರಕ್ಕೆ ಲೆಕ್ಕ ತಪ್ಪುತ್ತದೆ. ಥೈರಾಯ್ಡಿನ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಿಸಬಹುದು, ಟೆಸ್ಟೊಸ್ಟೆರಾನ್ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ನನ್ನ ಮೊದಲ ಅಂಕಿ ಜ್ವರದಿಂದ ಇಳಿದದ್ದಿರಬಹುದು, ಎರಡನೆಯದು ಗಮ್ಮಿಯಿಂದ ಏರಿದ್ದಿರಬಹುದು, ಎರಡನ್ನೂ ಬದಿಗಿಡಿ ಅಂದರು ಡಾಕ್ಟರ್. ಕಂಪನಿ ಗೊತ್ತಿದ್ದೇ ಗಮ್ಮಿ ಕಳಿಸಿತು ಅಂತ ನಾನು ಹೇಳಲಾರೆ. ಪರೀಕ್ಷೆಗೆ ಮೊದಲು ಗಮ್ಮಿ ನಿಲ್ಲಿಸಿ ಅಂತ ಒಂದು ಮೆಸೇಜಂತೂ ಬರಲಿಲ್ಲ. ದಿನಾ ಬೆಳಗ್ಗೆ 'ಗುಡ್ ಮಾರ್ನಿಂಗ್ ಚಾಂಪಿಯನ್' ಅಂತ ಮಾತ್ರ ತಪ್ಪದೆ ಬರುತ್ತಿತ್ತು.

ಗಮ್ಮಿ ಬಿಟ್ಟು ಒಂದು ವಾರದ ನಂತರ, ಬೆಳಗ್ಗೆ, ಖಾಲಿ ಹೊಟ್ಟೆಯಲ್ಲಿ ಮತ್ತೆ ರಕ್ತ ಕೊಟ್ಟೆ. ಈ ಸಲ ಟೆಸ್ಟೊಸ್ಟೆರಾನ್ ಜೊತೆಗೆ ಎಲ್‌ಎಚ್, ಎಸ್‌ಎಚ್‌ಬಿಜಿ, ಪಿಟ್ಯುಟರಿಯದೇ ಇನ್ನೊಂದು ಹಾರ್ಮೋನ್ ಪ್ರೊಲ್ಯಾಕ್ಟಿನ್, ಟಿಎಸ್‌ಎಚ್, ಮತ್ತೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ. 342 ಬಂತು. ಎಲ್‌ಎಚ್ ಸರಿ ಇದೆ. ಎಸ್‌ಎಚ್‌ಬಿಜಿ ಕಡಿಮೆ, ಅದರಿಂದ ಲೆಕ್ಕ ಹಾಕಿದರೆ ಬಿಡಿ ಟೆಸ್ಟೊಸ್ಟೆರಾನ್ ಮಾಮೂಲು. ಎಚ್‌ಬಿಎ1ಸಿ 6.1. ಅಂದರೆ ಶುಗರ್ ಹೊಸ್ತಿಲಲ್ಲಿ ನಿಂತಿದೆ, 5.7ರಿಂದ 6.4ರವರೆಗೆ ಆ ಹೊಸ್ತಿಲು. ಮೂರು ತಿಂಗಳು ನಾನು ಸಿಂಹದ ಹಿಂದೆ ಇದ್ದಾಗ ಇದನ್ನು ನೋಡಿದವರು ಯಾರೂ ಇಲ್ಲ, 4,999ರಲ್ಲಿ ಎಚ್‌ಬಿಎ1ಸಿ ಸೇರಿರಲಿಲ್ಲ. ನನಗೆ ಸಿಟ್ಟು ಬಂದದ್ದು ಇಲ್ಲಿ. ಹೊಟ್ಟೆ ಬಂದ 47ರ ಗಂಡಸು ಸುಸ್ತು ಅಂತ ಬಂದರೆ ನಮ್ಮ ಬೀದಿಯ ಎಂಬಿಬಿಎಸ್ ಡಾಕ್ಟರು ಕೂಡ ಮೊದಲು ಶುಗರ್ ನೋಡುತ್ತಾರೆ.

ಗೊರಕೆಯ ಬಗ್ಗೆ ಕೇಳಿದಾಗ ಉತ್ತರ ಕೊಟ್ಟಿದ್ದು ಹೆಂಡತಿ. ಮಧ್ಯೆ ಮಧ್ಯೆ ಉಸಿರೇ ನಿಂತ ಹಾಗಾಗುತ್ತದೆ, ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತಾರೆ ಡಾಕ್ಟ್ರೇ, ನಂಗೆ ಭಯ ಆಗತ್ತೆ ಅಂದಳು. ನಿದ್ದೆಯ ಪರೀಕ್ಷೆ ಬರೆದುಕೊಟ್ಟರು. ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು, ಮಧ್ಯಮ ಮಟ್ಟದ್ದು. ನಿದ್ದೆಗೂ ಈ ಹಾರ್ಮೋನಿಗೂ ನಂಟು ಇದೆ. ಆರೋಗ್ಯವಾಗಿದ್ದ ಹತ್ತು ಜನ ಯುವಕರನ್ನು ಒಂದು ವಾರ ರಾತ್ರಿಗೆ ಐದೇ ಗಂಟೆ ಮಲಗಿಸಿ ನೋಡಿದಾಗ ಹಗಲಿನ ಟೆಸ್ಟೊಸ್ಟೆರಾನ್ ಶೇಕಡಾ 10ರಿಂದ 15ರಷ್ಟು ಇಳಿದಿತ್ತು, 2011ರ ಅಧ್ಯಯನ ಅದು. ಹತ್ತೇ ಜನ, ಸಣ್ಣ ಲೆಕ್ಕ, ಒಪ್ಪುತ್ತೇನೆ. ಹೊಟ್ಟೆಯ ಕೊಬ್ಬು ಕೂಡ ಸುಮ್ಮನೆ ಕೂತಿರುವುದಿಲ್ಲ, ಟೆಸ್ಟೊಸ್ಟೆರಾನನ್ನು ಈಸ್ಟ್ರೊಜನ್ ಮಾಡುತ್ತಿರುತ್ತದೆ. ತೂಕ ಇಳಿದರೆ ಟೆಸ್ಟೊಸ್ಟೆರಾನ್ ತಾನಾಗಿ ಸ್ವಲ್ಪ ಏರುತ್ತದೆ. ಡಾಕ್ಟರ್ ಯಾವ ಹಾರ್ಮೋನನ್ನೂ ಬರೆಯಲಿಲ್ಲ. ತೂಕ ಇಳಿಸಿ, ವಾರಕ್ಕೆ ಎರಡು ಮೂರು ದಿನ ಭಾರ ಎತ್ತಿ, ರಾತ್ರಿ ಉಸಿರು ನಿಲ್ಲದ ಹಾಗೆ ಗಾಳಿ ಒತ್ತುವ ಯಂತ್ರ ಮೂಗಿಗೆ ಹಾಕಿಕೊಳ್ಳಿ, ಮೂರು ತಿಂಗಳಿಗೆ ಬನ್ನಿ. ಯಂತ್ರ ಬಾಡಿಗೆಗೆ ಸಿಗುತ್ತದೆ. ಮುಖಕ್ಕೆ ಕಟ್ಟಿಕೊಂಡರೆ ಮಕ್ಕಳು ನಗುತ್ತಾರೆ. ಮಧ್ಯಾಹ್ನದ ನಿದ್ದೆ ಮಾತ್ರ ಗಣನೀಯವಾಗಿ ಕಡಿಮೆ ಆಗಿದೆ.

ಹಾಗಂತ ಟೆಸ್ಟೊಸ್ಟೆರಾನ್ ಚಿಕಿತ್ಸೆಯೇ ಮೋಸ ಅಂತ ಯಾರೂ ತಿಳಿಯಬಾರದು. ಹುಟ್ಟಿನಿಂದ ಕ್ಲೈನ್‌ಫೆಲ್ಟರ್ ಅನ್ನುವ ವರ್ಣತಂತುವಿನ ತೊಂದರೆ ಇರುವವರು, ಪಿಟ್ಯುಟರಿಯಲ್ಲಿ ಗಡ್ಡೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಿಂದ ವೃಷಣ ಕೆಟ್ಟವರು, ಇಂಥವರಿಗೆ ಅದು ಬೇಕೇ ಬೇಕು. ವಯಸ್ಸಾದವರಿಗೆ ಕೊಟ್ಟು ನೋಡಿದ್ದೂ ಇದೆ. 65 ದಾಟಿದ, ಹಾರ್ಮೋನ್ ಕಡಿಮೆ ಇದ್ದ 790 ಗಂಡಸರ ಮೇಲೆ ಮಾಡಿದ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ಲೈಂಗಿಕ ಆಸಕ್ತಿ ಒಂದು ಮಟ್ಟಿಗೆ ಸುಧಾರಿಸಿತು, ಸುಸ್ತಿನ ವಿಷಯದಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಹೃದಯದ ತೊಂದರೆ ಇರುವ ಅಥವಾ ಬರುವ ಸಾಧ್ಯತೆ ಜಾಸ್ತಿ ಇರುವ ಐದು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ 'ಟ್ರಾವರ್ಸ್' ಪ್ರಯೋಗ 2023ರಲ್ಲಿ ಬಂತು. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಜಾಸ್ತಿ ಆಗಲಿಲ್ಲ, ಅದು ಸಮಾಧಾನದ ಸುದ್ದಿ. ಆದರೆ ಹೃದಯದ ಬಡಿತ ತಾಳ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಮೂಳೆ ಮುರಿಯುವುದು ಇವು ಔಷಧ ತೆಗೆದುಕೊಂಡವರಲ್ಲಿ ಹೆಚ್ಚು ಕಂಡವು. ಚಿಕಿತ್ಸೆ ಶುರು ಮಾಡಿದರೆ ರಕ್ತ ಗಟ್ಟಿಯಾಗುತ್ತಿದೆಯಾ ಅಂತ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ನೋಡುತ್ತಿರಬೇಕು, ಅದು ಶೇಕಡಾ 54 ದಾಟಿದರೆ ನಿಲ್ಲಿಸುತ್ತಾರೆ. ಪ್ರಾಸ್ಟೇಟ್ ಗ್ರಂಥಿಗೆ ಪಿಎಸ್‌ಎ ಅನ್ನುವ ರಕ್ತ ಪರೀಕ್ಷೆ ನೋಡಬೇಕು. ನಮ್ಮಲ್ಲಿ ಇದು ಡಾಕ್ಟರ್ ಚೀಟಿ ಇಲ್ಲದೆ ಮಾರುವ ಹಾಗಿಲ್ಲದ ಔಷಧ. ಜಿಮ್ಮಿನಲ್ಲಿ ಯಾರೋ ಕೊಟ್ಟರು ಅಂತ ಚುಚ್ಚಿಸಿಕೊಳ್ಳುವವರು ಈ ಪ್ಯಾರಾ ಎರಡು ಸಲ ಓದಿ.

ಎಲ್ಲಿಗೆ ಹೋಗಬೇಕು ಅಂತ ಕೇಳುವವರಿಗೆ: ಬೆಂಗಳೂರಿನ ಸೇಂಟ್ ಜಾನ್ಸ್, ರಾಮಯ್ಯ, ಮಣಿಪಾಲದ ಕೆಎಂಸಿ ಇಂಥ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಎಂಡೋಕ್ರೈನಾಲಜಿ ವಿಭಾಗವೇ ಇದೆ. ಊರಿನಲ್ಲಿ ತಜ್ಞರು ಇಲ್ಲದಿದ್ದರೆ ಎಂಡಿ ಮೆಡಿಸಿನ್ ಮಾಡಿದ ಡಾಕ್ಟರ್ ಹತ್ತಿರ ಶುರು ಮಾಡಿ. ಹೆಂಡತಿಯನ್ನು ಕರೆದುಕೊಂಡು ಹೋಗಿ, ಗೊರಕೆಯ ವಿಷಯದಲ್ಲಿ ನಮ್ಮ ಮಾತಿಗೆ ಬೆಲೆ ಇಲ್ಲ. ನನ್ನ ಪರೀಕ್ಷೆ, ಫೀಸು ಎಲ್ಲ ಸೇರಿ, ನಿದ್ದೆಯ ಪರೀಕ್ಷೆ ಬಿಟ್ಟು, ಆ್ಯಪ್ ಪ್ಯಾಕೇಜಿಗಿಂತ ಕಡಿಮೆಯೇ ಆಯಿತು.

ಕೊನೆಗೆ, ಆ್ಯಪ್ ತೆಗೆದುಕೊಂಡಾಗಿದೆ, ಬಿಡಬೇಕು ಅನ್ನುವವರಿಗೆ ಒಂದು ವಿಷಯ. ಆ್ಯಪ್ ಅಳಿಸಿದರೆ ಮುಗಿಯುವುದಿಲ್ಲ. ಮೊದಲ ಸಲ ದುಡ್ಡು ಕಟ್ಟುವಾಗಲೇ ಮುಂದಿನ ಮೂರು ತಿಂಗಳಿಗೂ ಒಪ್ಪಿಗೆ ತೆಗೆದುಕೊಂಡಿರುತ್ತಾರೆ, ನನಗೆ ಎರಡನೇ ಡಬ್ಬದ ದುಡ್ಡು ಕಟ್ ಆಗುವ ಮೆಸೇಜ್ ಬಂದಾಗ ಗೊತ್ತಾಯಿತು. ಕಸ್ಟಮರ್ ಕೇರ್‌ನವರು ನಾಳೆ ರದ್ದು ಮಾಡ್ತೀವಿ ಸರ್ ಅನ್ನುತ್ತಲೇ ಇದ್ದರು. ಅವರನ್ನು ಕಾಯಬೇಡಿ. ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅಂತ ಒಂದು ಜಾಗ ಇರುತ್ತದೆ, ಅಲ್ಲಿ ಕಂಪನಿಯ ಹೆಸರು ಹುಡುಕಿ ನೀವೇ ರದ್ದು ಮಾಡಿ, ಪಿನ್ ಹಾಕಿ, ರದ್ದಾಯಿತು ಅಂತ ಬಂದ ಮೇಲೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.